ದನಕರುಗಳಿಂದ ಮನುಷ್ಯರಿಗೆ ಹರಡುವ ರೋಗಗಳು: ಚಿಂಚಲಿ ಭಾಗದ ರೈತರು ಮತ್ತು ಕುರಿಗಾಹಿಗಳು ತಿಳಿದಿರಬೇಕಾದ ಸಂಗತಿಗಳು

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಚಿಂಚಲಿಯು ಮಾಯಕ್ಕಾದೇವಿಯ ಕ್ಷೇತ್ರವಾಗಿ ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡೂ ರಾಜ್ಯಗಳಲ್ಲಿ ಹೆಸರಾಗಿದೆ. ಪ್ರತಿ ವರ್ಷ ಮಾಘ ಮಾಸದ ಭಾರತ ಹುಣ್ಣಿಮೆಯ ಸಂದರ್ಭದಲ್ಲಿ ಜರುಗುವ ಜಾತ್ರೆಗೆ ಭಕ್ತಾದಿಗಳು ದೂರದ ಊರುಗಳಿಂದ ಎತ್ತಿನ ಚಕ್ಕಡಿ ಹೂಡಿಕೊಂಡು ಬರುವ ಪದ್ಧತಿ ಹಿಂದಿನಿಂದ ನಡೆದುಬಂದಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ರೈತ ಕುಟುಂಬಗಳಿಗೆ ಎತ್ತು, ಆಕಳು, ಎಮ್ಮೆ, ಕುರಿ ಮತ್ತು ಆಡುಗಳು ಕೇವಲ ಆದಾಯದ ಮೂಲಗಳಲ್ಲ. ಅವು ಮನೆಯ ಸದಸ್ಯರಿದ್ದಂತೆ. ಖಿಲಾರಿ ಮತ್ತು ಕೃಷ್ಣಾ ತೀರ ತಳಿಗಳು ಈ ಸೀಮೆಯ ಹೆಮ್ಮೆಯಾಗಿವೆ.

ದನ ಮತ್ತು ಜನ ಒಂದೇ ಸೂರಿನ ಅಡಿಯಲ್ಲಿ ಬಾಳುವಲ್ಲಿ ಕೆಲವು ರೋಗಗಳೂ ಒಂದರಿಂದ ಮತ್ತೊಂದಕ್ಕೆ ದಾಟುತ್ತವೆ. ಕೊಟ್ಟಿಗೆಯಲ್ಲಿ ಆಕಳು ಕಂದು ಹಾಕಿದ ಕೆಲವು ವಾರಗಳ ನಂತರ ಮನೆಯ ಒಡತಿಗೆ ಜ್ವರ ಬಂದಲ್ಲಿ, ಆ ಎರಡಕ್ಕೂ ಸಂಬಂಧವಿರಬಹುದೆಂಬ ಅನುಮಾನ ಬಹಳಷ್ಟು ಜನರಿಗೆ ಬರುವುದಿಲ್ಲ. ಆಕಳಿನ ವಿಷಯವನ್ನು ಪಶುವೈದ್ಯರಿಗೆ, ಜ್ವರದ ವಿಷಯವನ್ನು ಆಸ್ಪತ್ರೆಯ ವೈದ್ಯರಿಗೆ ಬೇರೆ ಬೇರೆಯಾಗಿ ಹೇಳಲಾಗುತ್ತದೆ. ಎಷ್ಟೋ ವೇಳೆ ಆಕಳಿನ ವಿಷಯವನ್ನು ಯಾರಿಗೂ ಹೇಳುವುದೇ ಇಲ್ಲ. ಇದರಿಂದ ಸುಲಭವಾಗಿ ಗುಣವಾಗಬೇಕಾದ ರೋಗವು ತಿಂಗಳುಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ. ಈ ಅಂತರವನ್ನು ಹೋಗಲಾಡಿಸಲು ಅಗತ್ಯವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಪ್ರಾಣಿಜನ್ಯ ರೋಗಗಳೆಂದರೇನು?

ಕಶೇರುಕ ಪ್ರಾಣಿಗಳಿಂದ ಮನುಷ್ಯರಿಗೆ ಸಹಜವಾಗಿ ಹರಡುವ ರೋಗಗಳನ್ನು ಪ್ರಾಣಿಜನ್ಯ ರೋಗಗಳೆಂದು ಕರೆಯಲಾಗುತ್ತದೆ. ಮನುಷ್ಯರಲ್ಲಿ ಕಂಡುಬರುವ ಸಾಂಕ್ರಾಮಿಕ ರೋಗಗಳಲ್ಲಿ ಸುಮಾರು ಶೇ. 60ರಷ್ಟು ಪ್ರಾಣಿಮೂಲದವೆಂದು ಅಂತರರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಅಂದಾಜಿಸಿವೆ. ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ಪಾಶ್ಚರ್ ಅವರು ಹುಚ್ಚುನಾಯಿ ಕಡಿದ ಬಾಲಕನೊಬ್ಬನಿಗೆ 1885ರ ಜುಲೈ 6ರಂದು ಮೊದಲ ಬಾರಿಗೆ ರೇಬೀಸ್ ಲಸಿಕೆ ನೀಡಿದರು. ಆ ದಿನದ ನೆನಪಿಗಾಗಿ ಪ್ರತಿ ವರ್ಷ ಜುಲೈ 6ನ್ನು ವಿಶ್ವ ಪ್ರಾಣಿಜನ್ಯ ರೋಗಗಳ ದಿನವನ್ನಾಗಿ ಆಚರಿಸಲಾಗುತ್ತದೆ.

ಕರ್ನಾಟಕಕ್ಕೆ ಈ ರೋಗಗಳು ಹೊಸತಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಮಂಗಗಳು ಸಾಯತೊಡಗಿದಾಗ, ಸುತ್ತಲಿನ ಹಳ್ಳಿಗಳ ಜನರಲ್ಲಿಯೂ ತೀವ್ರ ಜ್ವರ ಕಾಣಿಸಿಕೊಂಡಿತು. ಉಣ್ಣೆಗಳ ಮೂಲಕ ಹರಡುವ ಆ ರೋಗವೇ ಇಂದು ಮಂಗನ ಕಾಯಿಲೆ ಎಂದು ಪರಿಚಿತವಾಗಿದೆ. 2016ರಲ್ಲಿ ಅದು ಬೆಳಗಾವಿ ಜಿಲ್ಲೆಯ ಸೆರಗಿನಲ್ಲಿರುವ ಗೋವಾದ ಸತ್ತರಿ ಹಾಗೂ ಮಹಾರಾಷ್ಟ್ರದ ದೋಡಾಮಾರ್ಗ ತಾಲ್ಲೂಕುಗಳಲ್ಲಿ ವರದಿಯಾಯಿತು. ಕಾಡಿನಲ್ಲಿ ಪ್ರಾಣಿ ಸತ್ತ ಸುದ್ದಿಯು ಊರಿನಲ್ಲಿ ಬರಲಿರುವ ಜ್ವರದ ಮುನ್ಸೂಚನೆಯಾಗಬಲ್ಲದು ಎಂಬುದನ್ನು ಆ ಘಟನೆಗಳು ತೋರಿಸಿಕೊಟ್ಟಿವೆ. ಕೃಷ್ಣಾ ತೀರದ ಬಯಲುಸೀಮೆಯಲ್ಲಿ ಮಂಗನ ಕಾಯಿಲೆಯ ಕಾಡು ಇಲ್ಲ. ಆದರೆ ಅದೇ ಪಾಠವು ಕೊಟ್ಟಿಗೆಗೂ ಕುರಿಹಟ್ಟಿಗೂ ಅನ್ವಯಿಸುತ್ತದೆ.

ರೋಗ ಹರಡುವ ದಾರಿಗಳು

ಪ್ರಾಣಿಗಳಿಂದ ಮನುಷ್ಯರಿಗೆ ರೋಗಾಣುಗಳು ಮುಖ್ಯವಾಗಿ ಈ ಕೆಳಗಿನ ದಾರಿಗಳಲ್ಲಿ ಬರುತ್ತವೆ.

1. ಕೈಗಳ ಮೂಲಕ: ಹೆರಿಗೆ ಮಾಡಿಸುವಾಗ, ಮಾಸು ತೆಗೆಯುವಾಗ, ಸತ್ತ ಪ್ರಾಣಿಯ ಚರ್ಮ ಸುಲಿಯುವಾಗ ಕೈಯಲ್ಲಿನ ಸಣ್ಣ ಗಾಯ, ಗೀರುಗಳಿಂದ.
2. ಬಾಯಿಯ ಮೂಲಕ: ಕಾಯಿಸದ ಹಾಲು, ಸರಿಯಾಗಿ ಬೇಯದ ಮಾಂಸ, ಮಲಿನಗೊಂಡ ನೀರು ಹಾಗೂ ತೊಳೆಯದ ಸೊಪ್ಪು ತರಕಾರಿಗಳಿಂದ.
3. ಕಡಿತ ಮತ್ತು ಜೊಲ್ಲಿನ ಮೂಲಕ: ರೋಗಪೀಡಿತ ನಾಯಿ, ಬೆಕ್ಕು ಅಥವಾ ಜಾನುವಾರುಗಳಿಂದ.
4. ಮೂತ್ರದ ಮೂಲಕ: ಇಲಿ ಹಾಗೂ ಜಾನುವಾರುಗಳ ಮೂತ್ರ ಬೆರೆತ ಕೆಸರು, ನಿಂತ ನೀರಿನಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡುವುದರಿಂದ.
5. ಉಸಿರು ಮತ್ತು ಧೂಳಿನ ಮೂಲಕ: ಉಣ್ಣೆ ಕತ್ತರಿಸುವಾಗ, ಗಾಳಿಯಾಡದ ಕೊಟ್ಟಿಗೆ ಗುಡಿಸುವಾಗ.

ಈ ಭಾಗದ ರೈತರು ವಿಶೇಷವಾಗಿ ಗಮನಿಸಬೇಕಾದ ನಾಲ್ಕು ರೋಗಗಳ ವಿವರ ಮುಂದಿದೆ.

1. ಕಂದು ಹಾಕುವ ರೋಗ (ಬ್ರುಸೆಲ್ಲೋಸಿಸ್)

ಗಬ್ಬದ ಆಕಳು ಅಥವಾ ಎಮ್ಮೆಯು ಸಾಮಾನ್ಯವಾಗಿ ಐದನೆಯ ತಿಂಗಳ ನಂತರ ಕಂದು ಹಾಕುವುದು ಮತ್ತು ಮಾಸು ಬೀಳದೆ ಉಳಿಯುವುದು ಈ ರೋಗದ ಮುಖ್ಯ ಲಕ್ಷಣಗಳಾಗಿವೆ. ಹೋರಿಗಳಲ್ಲಿ ವೃಷಣಗಳು ಬಾವು ಬರುತ್ತವೆ. ಕುರಿ ಮತ್ತು ಆಡುಗಳಲ್ಲಿಯೂ ಈ ರೋಗವಿದ್ದು, ಅವುಗಳಿಂದ ಬರುವ ರೋಗಾಣುವು ಮನುಷ್ಯರಿಗೆ ಹೆಚ್ಚು ತೀವ್ರವಾದುದು. ರೋಗಪೀಡಿತ ಪ್ರಾಣಿಯು ಹಾಕಿದ ಕಂದು, ಮಾಸು ಮತ್ತು ಸ್ರಾವಗಳಲ್ಲಿ ರೋಗಾಣುಗಳು ಅಪಾರ ಸಂಖ್ಯೆಯಲ್ಲಿರುತ್ತವೆ, ಹಾಲಿನಲ್ಲಿಯೂ ಹೊರಬರುತ್ತವೆ.

ಮಾಸು ಬೀಳದಿದ್ದಾಗ ಬರಿಗೈಯಿಂದ ಎಳೆದು ತೆಗೆಯುವುದು, ಹಾಕಿದ ಕಂದನ್ನು ತಿಪ್ಪೆಗೆ ಅಥವಾ ಹಳ್ಳಕ್ಕೆ ಎಸೆಯುವುದು ಹಲವೆಡೆ ರೂಢಿಯಲ್ಲಿದೆ. ತಿಪ್ಪೆಗೆ ಎಸೆದುದನ್ನು ನಾಯಿಗಳು ಎಳೆದಾಡಿ ರೋಗವನ್ನು ನೆರೆಯ ಕೊಟ್ಟಿಗೆಗಳಿಗೆ ಮುಟ್ಟಿಸುತ್ತವೆ. ಕೊಟ್ಟಿಗೆ ಸ್ವಚ್ಛಗೊಳಿಸುವ ಕೆಲಸವನ್ನು ಹೆಚ್ಚಾಗಿ ಮಹಿಳೆಯರೇ ನಿರ್ವಹಿಸುವುದರಿಂದ ಅಪಾಯವೂ ಅವರಿಗೇ ಹೆಚ್ಚು.

ಮನುಷ್ಯರಲ್ಲಿ ಈ ರೋಗವು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ ಕಾಣಿಸಿಕೊಳ್ಳುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ವಿಪರೀತ ಬೆವರುವುದು, ಸೊಂಟ ಮತ್ತು ಕೀಲುಗಳ ನೋವು, ನಿಶ್ಶಕ್ತಿ ಇದರ ಲಕ್ಷಣಗಳು. ಪುರುಷರಲ್ಲಿ ವೃಷಣಗಳ ಬಾವು, ಗರ್ಭಿಣಿಯರಲ್ಲಿ ಗರ್ಭಪಾತ ಉಂಟಾಗಬಹುದು. ಈ ಜ್ವರವು ಮಲೇರಿಯಾ, ವಿಷಮಶೀತ ಜ್ವರ ಅಥವಾ ಕ್ಷಯದಂತೆ ತೋರುವುದರಿಂದ, ಮನೆಯಲ್ಲಿ ದನಕರುಗಳಿವೆ ಎಂದು ರೋಗಿಯೇ ಹೇಳದಿದ್ದಲ್ಲಿ ವೈದ್ಯರು ಬೇರೆ ರೋಗವೆಂದು ಭಾವಿಸುವ ಸಾಧ್ಯತೆ ಇದೆ. ರಕ್ತ ಪರೀಕ್ಷೆಯಿಂದ ರೋಗವನ್ನು ಪತ್ತೆ ಹಚ್ಚಬಹುದು. ಚಿಕಿತ್ಸೆಯು ಕನಿಷ್ಠ ಆರು ವಾರಗಳ ಕಾಲ ಮುಂದುವರಿಯಬೇಕು. ಜ್ವರ ಇಳಿಯಿತೆಂದು ನಡುವೆ ಔಷಧಿ ನಿಲ್ಲಿಸಿದವರಲ್ಲಿ ರೋಗವು ಮರುಕಳಿಸುತ್ತದೆ.

ಪ್ರಾಣಿಗಳಲ್ಲಿ ಈ ರೋಗಕ್ಕೆ ಉಪಯುಕ್ತವಾದ ಚಿಕಿತ್ಸೆ ಇಲ್ಲ, ಲಸಿಕೆಯೊಂದೇ ದಾರಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ 4ರಿಂದ 8 ತಿಂಗಳ ವಯಸ್ಸಿನ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಂದು ಬಾರಿ ಉಚಿತವಾಗಿ ಲಸಿಕೆ ಹಾಕಲಾಗುತ್ತದೆ. ಗಂಡು ಕರುಗಳಿಗೂ ಗಬ್ಬದ ರಾಸುಗಳಿಗೂ ಈ ಲಸಿಕೆ ಹಾಕುವುದಿಲ್ಲ. ವಯಸ್ಸು ಮೀರಿದ ಕರುವಿಗೆ ಈ ಅವಕಾಶ ತಪ್ಪುವುದರಿಂದ, ಹೆಣ್ಣು ಕರು ಹುಟ್ಟಿದ ದಿನಾಂಕವನ್ನು ಬರೆದಿಟ್ಟುಕೊಳ್ಳುವುದು ಅವಶ್ಯಕ.

ಪಾಲಿಸಬೇಕಾದ ಕ್ರಮಗಳು:

• ಕಂದು ಹಾಕಿದ ರಾಸನ್ನು ಕೂಡಲೇ ಬೇರೆ ಕಟ್ಟಬೇಕು ಮತ್ತು ಪಶುವೈದ್ಯರಿಗೆ ತಿಳಿಸಬೇಕು.
• ಕಂದು ಹಾಗೂ ಮಾಸನ್ನು ಬರಿಗೈಯಿಂದ ಮುಟ್ಟಬಾರದು. ಕೈಗವಸು ಇಲ್ಲದಿದ್ದಲ್ಲಿ ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಚೀಲವನ್ನು ಕೈಗೆ ಕಟ್ಟಿಕೊಳ್ಳಬೇಕು. ನಾಯಿಗಳು ಅಗೆಯಲಾಗದಷ್ಟು ಆಳವಾದ ಗುಂಡಿಯಲ್ಲಿ ಅವುಗಳನ್ನು ಹೂಳಬೇಕು.
• ಗರ್ಭಿಣಿಯರು ಹಾಗೂ ಮಕ್ಕಳು ಈ ಕೆಲಸದಿಂದ ದೂರವಿರಬೇಕು.
• ಹಾಲನ್ನು ಚೆನ್ನಾಗಿ ಕುದಿಸಿಯೇ ಬಳಸಬೇಕು. ಹಸಿ ಹಾಲು ಕುಡಿದರೆ ಶಕ್ತಿ ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಹಾಲು ಕುದಿಸುವುದರಿಂದ ಜಾನುವಾರುಗಳಿಂದ ಬರುವ ಕ್ಷಯರೋಗವನ್ನೂ ತಡೆಯಬಹುದು.

2. ನೆರಡಿ ರೋಗ (ಅಂಥ್ರಾಕ್ಸ್)

ಸಂಜೆ ಮೇದು ಬಂದ ಕುರಿಯು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುವುದು, ಹೊಟ್ಟೆ ಬೇಗನೆ ಉಬ್ಬುವುದು, ದೇಹವು ಪೂರ್ತಿ ಸೆಟೆದುಕೊಳ್ಳದಿರುವುದು, ಮೂಗು, ಬಾಯಿ ಮತ್ತು ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುವುದು ನೆರಡಿ ರೋಗದ ಸೂಚನೆಗಳಾಗಿವೆ. ಈ ರೋಗವು ದನ, ಎಮ್ಮೆ, ಕುರಿ ಮತ್ತು ಆಡುಗಳಿಗೆ ಬರುತ್ತದೆ.

ಈ ರೋಗಾಣುವಿನ ಗುಣವನ್ನು ಅರಿಯುವುದು ಅತ್ಯವಶ್ಯ. ಸತ್ತ ಪ್ರಾಣಿಯ ದೇಹವನ್ನು ಕೊಯ್ಯದೆ ಇಟ್ಟಲ್ಲಿ ಒಳಗಿನ ರೋಗಾಣುಗಳಲ್ಲಿ ಬಹುಪಾಲು ಕೊಳೆಯುವಿಕೆಯಿಂದ ನಾಶವಾಗುತ್ತವೆ. ದೇಹವನ್ನು ಕೊಯ್ದು ರಕ್ತಕ್ಕೆ ಗಾಳಿ ತಗುಲಿದೊಡನೆ ಅವು ಗಟ್ಟಿ ಕವಚವುಳ್ಳ ಬೀಜಾಣುಗಳಾಗಿ ಮಾರ್ಪಡುತ್ತವೆ. ಆ ಬೀಜಾಣುಗಳು ಬಿಸಿಲು, ಬರ, ಮಳೆಗಳಿಗೆ ಜಗ್ಗದೆ ಮಣ್ಣಿನಲ್ಲಿ ದಶಕಗಳವರೆಗೆ ಜೀವಂತವಾಗಿ ಉಳಿಯುತ್ತವೆ. ಹೀಗಾಗಿ ಒಂದು ಕುರಿಯನ್ನು ಕೊಯ್ದ ಜಾಗವು ಮುಂದಿನ ತಲೆಮಾರಿನ ಕುರಿಗಳಿಗೂ ಅಪಾಯಕಾರಿಯಾಗುತ್ತದೆ. ಈ ರೋಗಕ್ಕೆ ಕಾರಣವಾದ ಜೀವಿಯನ್ನೂ ಅದರ ಬೀಜಾಣುಗಳನ್ನೂ ಜರ್ಮನಿಯ ರಾಬರ್ಟ್ ಕಾಕ್ ಅವರು 1876ರಲ್ಲಿಯೇ ವಿವರಿಸಿದ್ದರು.

ಸತ್ತ ಕುರಿಯನ್ನು ಸುಮ್ಮನೆ ಹೂಳುವುದು ಬಡ ಕುರಿಗಾಹಿಗೆ ಸುಲಭದ ಮಾತಲ್ಲ. ಚರ್ಮವನ್ನಾದರೂ ಮಾರಿದರೆ ಅಷ್ಟಿಷ್ಟು ಹಣ ಬಂದೀತು, ಮಾಂಸವನ್ನು ಹಂಚಿಕೊಂಡರೆ ನಷ್ಟ ಕಡಿಮೆಯಾದೀತು ಎಂಬ ಆಲೋಚನೆ ಸಹಜ. ಆದರೆ ಕೊಯ್ದವರು, ಚರ್ಮ ಸುಲಿದವರು, ಮಾಂಸ ತಿಂದವರು ಎಲ್ಲರೂ ಈ ರೋಗಕ್ಕೆ ತುತ್ತಾಗುವ ಸಂಭವವಿದೆ. ಕೈ, ಮುಖ ಅಥವಾ ಕತ್ತಿನ ಮೇಲೆ ತುರಿಕೆಯುಳ್ಳ ಸಣ್ಣ ಗುಳ್ಳೆ ಎದ್ದು, ಅದು ಒಡೆದು ನಡುವೆ ಕಪ್ಪು ಹಕ್ಕಳೆ ಕಟ್ಟುವುದು ಚರ್ಮದ ನೆರಡಿಯ ಲಕ್ಷಣ. ಈ ಹುಣ್ಣು ನೋಯುವುದಿಲ್ಲ. ಆದ್ದರಿಂದಲೇ ಜನರು ಅದನ್ನು ಲಕ್ಷಿಸುವುದಿಲ್ಲ. ಬೇಗನೆ ವೈದ್ಯರಿಗೆ ತೋರಿಸಿದಲ್ಲಿ ಸಾಮಾನ್ಯ ಜೀವನಿರೋಧಕ ಔಷಧಿಗಳಿಂದ ಗುಣವಾಗುತ್ತದೆ. ಮಾಂಸದ ಮೂಲಕ ಹೊಟ್ಟೆಗೆ ಅಥವಾ ಉಸಿರಿನ ಮೂಲಕ ಶ್ವಾಸಕೋಶಕ್ಕೆ ತಗುಲಿದ ರೋಗವು ಪ್ರಾಣಾಂತಿಕವಾಗಬಲ್ಲದು.

ಪಾಲಿಸಬೇಕಾದ ಕ್ರಮಗಳು:

• ಹಠಾತ್ತನೆ ಸತ್ತ ಪ್ರಾಣಿಯನ್ನು ಯಾವುದೇ ಕಾರಣಕ್ಕೂ ಕೊಯ್ಯಬಾರದು, ಚರ್ಮ ಸುಲಿಯಬಾರದು, ಹಳ್ಳ ಅಥವಾ ಹೊಳೆಗೆ ಎಸೆಯಬಾರದು.
• ಪಶುವೈದ್ಯರಿಗೆ ತಕ್ಷಣ ತಿಳಿಸಬೇಕು. ಅವರು ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸುತ್ತಾರೆ. ನೆರಡಿಯ ಸಂಶಯವಿದ್ದಲ್ಲಿ ಮರಣೋತ್ತರ ಪರೀಕ್ಷೆಗಾಗಿ ದೇಹವನ್ನು ಕೊಯ್ಯುವುದಿಲ್ಲ.
• ಪಶುವೈದ್ಯರ ಸಮ್ಮುಖದಲ್ಲಿ ದೇಹವನ್ನು ಸುಡಬೇಕು ಅಥವಾ ನೀರಿನ ಮೂಲಗಳಿಂದ ದೂರದಲ್ಲಿ ಕನಿಷ್ಠ ಆರು ಅಡಿ ಆಳದ ಗುಂಡಿಯಲ್ಲಿ ಹೂಳಬೇಕು. ಪ್ರಾಣಿಯು ಬಿದ್ದಿದ್ದ ಜಾಗದ ರಕ್ತಸಿಕ್ತ ಮಣ್ಣು, ಮೇವು ಮತ್ತು ಹಾಸನ್ನು ಸಹ ಅದೇ ರೀತಿ ವಿಲೇವಾರಿ ಮಾಡಬೇಕು.
• ರೋಗ ಕಾಣಿಸಿಕೊಂಡ ಪ್ರದೇಶದ ಉಳಿದ ಪ್ರಾಣಿಗಳಿಗೆ ಪ್ರತಿ ವರ್ಷ ಲಸಿಕೆ ಹಾಕಿಸಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು ಈ ಲಸಿಕೆಯನ್ನು ತಯಾರಿಸುತ್ತದೆ.

3. ಹುಚ್ಚುನಾಯಿ ರೋಗ (ರೇಬೀಸ್)

ರೇಬೀಸ್ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ನಂತರ ಮನುಷ್ಯರಾಗಲಿ ಪ್ರಾಣಿಗಳಾಗಲಿ ಬದುಕುಳಿಯುವುದು ಅತಿ ವಿರಳ. ಆದರೆ ಕಚ್ಚಿದ ಕೂಡಲೇ ಸರಿಯಾದ ಕ್ರಮ ಕೈಗೊಂಡಲ್ಲಿ ಈ ರೋಗವನ್ನು ತಡೆಯಬಹುದು. ನಾಯಿಯಿಂದ ಬರುವ ಅಪಾಯವು ಎಲ್ಲರಿಗೂ ತಿಳಿದಿದೆ. ದನದಿಂದ ಬರುವ ಅಪಾಯವು ಬಹಳ ಜನರಿಗೆ ತಿಳಿದಿಲ್ಲ.

ಹುಚ್ಚುನಾಯಿ ಕಚ್ಚಿದ ಎತ್ತು ಅಥವಾ ಎಮ್ಮೆಯು ಕೆಲವು ವಾರ ಅಥವಾ ತಿಂಗಳುಗಳ ನಂತರ ಮೇವು ಬಿಡುತ್ತದೆ, ಬಾಯಿಂದ ಜೊಲ್ಲು ಸುರಿಸುತ್ತದೆ, ಗಂಟಲು ಒಡೆದಂತೆ ವಿಚಿತ್ರವಾಗಿ ಕೂಗುತ್ತದೆ, ನುಂಗಲು ಕಷ್ಟಪಡುತ್ತದೆ. ಕಬ್ಬಿನ ತುಂಡೋ ಗಜ್ಜರಿಯೋ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ಭಾವಿಸಿ ರೈತನು ಎತ್ತಿನ ಬಾಯಿಯೊಳಗೆ ಕೈ ಹಾಕುತ್ತಾನೆ. ಜೊಲ್ಲಿನಲ್ಲಿರುವ ರೋಗಾಣುಗಳು ಕೈಯ ಗೀರುಗಳ ಮೂಲಕ ದೇಹವನ್ನು ಸೇರಲು ಇಷ್ಟು ಸಾಕು. ಜೊಲ್ಲು ಸುರಿಸುವ ರಾಸಿನ ಬಾಯಿಗೆ ಪಶುವೈದ್ಯರು ಬರುವ ಮುನ್ನ ಕೈ ಹಾಕಬಾರದು. ಗೊಟ್ಟದಿಂದ ಔಷಧಿ ಕುಡಿಸಬಾರದು.

ನಾಯಿ, ಬೆಕ್ಕು ಅಥವಾ ಇತರ ಪ್ರಾಣಿ ಕಚ್ಚಿದಾಗ ಮಾಡಬೇಕಾದುದು:

• ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷಗಳ ಕಾಲ ತೊಳೆಯಬೇಕು. ಆಸ್ಪತ್ರೆ ದೂರವಿದ್ದರೂ ಈ ಕೆಲಸವು ಮನೆಯಲ್ಲಿಯೇ, ಹೊಲದ ಮೋಟರಿನ ಬಳಿಯಲ್ಲಿಯೇ ಆಗಬೇಕು.
• ಅರಿಶಿನ, ಖಾರದ ಪುಡಿ, ಸುಣ್ಣ, ಎಲೆಗಳ ರಸ ಇತ್ಯಾದಿಗಳನ್ನು ಹಚ್ಚಬಾರದು. ಗಾಯವನ್ನು ಸುಡಬಾರದು.
• ಅದೇ ದಿನ ಸರ್ಕಾರಿ ಆಸ್ಪತ್ರೆಗೆ ತೆರಳಿ ಲಸಿಕೆ ಆರಂಭಿಸಬೇಕು. ಚರ್ಮದೊಳಗೆ ನೀಡುವ ಕ್ರಮದಲ್ಲಿ ಮೊದಲ ಚುಚ್ಚುಮದ್ದಿನ ದಿನವನ್ನು ಸೊನ್ನೆ ಎಂದು ಎಣಿಸಿ 3, 7 ಮತ್ತು 28ನೆಯ ದಿನಗಳಂದು ಉಳಿದವನ್ನು ಪಡೆಯಬೇಕು. ಒಂದನ್ನೂ ತಪ್ಪಿಸಬಾರದು.
• ರಕ್ತ ಬಂದ ಗಾಯಗಳಿಗೆ ಲಸಿಕೆಯ ಜೊತೆಗೆ ಗಾಯದ ಸುತ್ತ ನೀಡುವ ಪ್ರತಿವಿಷದ ಚುಚ್ಚುಮದ್ದು ಅಗತ್ಯ. ಇದರ ಬಗ್ಗೆ ವೈದ್ಯರನ್ನು ವಿಚಾರಿಸಬೇಕು.
• ಕಚ್ಚಿದ ನಾಯಿಯನ್ನು 10 ದಿನಗಳ ಕಾಲ ಗಮನಿಸಬೇಕೆಂಬುದು ನಿಜ. ಆದರೆ ಅದಕ್ಕಾಗಿ ಲಸಿಕೆಯನ್ನು ಮುಂದೂಡಬಾರದು.

ನಾಯಿ ಕಚ್ಚಿದ ಜಾನುವಾರುಗಳಿಗೂ ಗಾಯ ತೊಳೆದು, ಪಶುವೈದ್ಯರಿಂದ ಲಸಿಕೆಯ ಸರಣಿಯನ್ನು ಹಾಕಿಸಬೇಕು. ಸಾಕುನಾಯಿಗಳಿಗೆ, ಕುರಿ ಕಾಯುವ ನಾಯಿಗಳಿಗೆ ಮೂರು ತಿಂಗಳ ವಯಸ್ಸಿನಿಂದ ಆರಂಭಿಸಿ ಪ್ರತಿ ವರ್ಷ ಲಸಿಕೆ ಕೊಡಿಸುವುದು ಕುಟುಂಬದ ರಕ್ಷಣೆಗೆ ಅತ್ಯಂತ ಕಡಿಮೆ ಖರ್ಚಿನ ಉಪಾಯವಾಗಿದೆ.

4. ಇಲಿ ಜ್ವರ (ಲೆಪ್ಟೋಸ್ಪೈರೋಸಿಸ್)

ಕೃಷ್ಣಾ ನದಿಯ ತೀರದ ಕಬ್ಬಿನ ಗದ್ದೆಗಳಲ್ಲಿ ಇಲಿ, ಹೆಗ್ಗಣಗಳ ಹಾವಳಿ ಇರುವುದನ್ನು ಈ ಭಾಗದ ರೈತರು ಬಲ್ಲರು. ಅವುಗಳ ಮೂತ್ರದಲ್ಲಿ ಹೊರಬರುವ ರೋಗಾಣುಗಳು ಕೆಸರು ಹಾಗೂ ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತವೆ. ದನ, ಎಮ್ಮೆ ಮತ್ತು ಹಂದಿಗಳೂ ಈ ರೋಗಾಣುಗಳನ್ನು ಹೊರಹಾಕಬಲ್ಲವು. ಗದ್ದೆಗೆ ನೀರು ಹಾಯಿಸುವವರು, ಕಬ್ಬು ಕಟಾವು ಮಾಡುವವರು, ಕೊಟ್ಟಿಗೆ ತೊಳೆಯುವವರು ಕಾಲಿನ ಸಣ್ಣ ಗಾಯಗಳ ಮೂಲಕ ಸೋಂಕಿಗೆ ಒಳಗಾಗುತ್ತಾರೆ. 2005ರಲ್ಲಿ ಹಾಗೂ 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯು ಉಕ್ಕಿ ಹರಿದಾಗ ಆದಂತೆ ಊರು, ಹೊಲ, ಕೊಟ್ಟಿಗೆಗಳ ನೀರು ಒಂದಾಗುವ ಪ್ರವಾಹದ ಕಾಲದಲ್ಲಿ ಈ ಅಪಾಯ ಅಧಿಕ.

ತೀವ್ರ ಜ್ವರ, ತಲೆನೋವು, ಮೀನಖಂಡ ಮತ್ತು ಸೊಂಟದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಇದರ ಆರಂಭದ ಲಕ್ಷಣಗಳು. ನಿರ್ಲಕ್ಷಿಸಿದಲ್ಲಿ ಕಾಮಾಲೆ ಹಾಗೂ ಮೂತ್ರಪಿಂಡದ ತೊಂದರೆ ತಲೆದೋರಬಹುದು. ಮೊದಲ ಕೆಲವು ದಿನಗಳಲ್ಲಿಯೇ ಔಷಧಿ ಆರಂಭಿಸಿದಲ್ಲಿ ರೋಗಿಯು ಗುಣಮುಖನಾಗುತ್ತಾನೆ. ಗದ್ದೆಯಲ್ಲಿ ರಬ್ಬರ್ ಬೂಟು ಧರಿಸುವುದು, ಕಾಲಿನ ಗಾಯಗಳಿಗೆ ಪಟ್ಟಿ ಕಟ್ಟುವುದು, ಕೆಲಸದ ನಂತರ ಸಾಬೂನಿನಿಂದ ಕೈಕಾಲು ತೊಳೆಯುವುದು, ಹಿಂಡಿ ಮತ್ತು ಕಾಳಿನ ಚೀಲಗಳನ್ನು ಇಲಿಗಳಿಗೆ ಸಿಗದಂತೆ ಇಡುವುದು ಮುನ್ನೆಚ್ಚರಿಕೆಯ ಕ್ರಮಗಳಾಗಿವೆ.

ಕುರಿಗಾಹಿಗಳಿಗೆ ವಿಶೇಷ ಸೂಚನೆ

ಕುರಿ ಮತ್ತು ಆಡುಗಳ ತುಟಿಯ ಸುತ್ತ ಹಕ್ಕಳೆ ಕಟ್ಟುವ ಬಾಯಿ ಹುಣ್ಣಿನ ರೋಗವು ಮರಿಗಳಿಗೆ ಹಾಲು ಕುಡಿಸುವವರ, ಔಷಧಿ ಕುಡಿಸುವವರ ಬೆರಳುಗಳಿಗೂ ತಗುಲುತ್ತದೆ. ಇದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆದರೂ ನೆರಡಿಯ ಹುಣ್ಣಲ್ಲವೆಂಬುದನ್ನು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು.

ಕುರಿ ಕೊಯ್ದಾಗ ನೀರುಗುಳ್ಳೆಗಳಿರುವ ಪಿತ್ತಕೋಶ, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವ ರೂಢಿಯನ್ನು ಸಂಪೂರ್ಣವಾಗಿ ಬಿಡಬೇಕು. ಆ ಗುಳ್ಳೆಗಳಲ್ಲಿರುವ ಮರಿಹುಳುಗಳು ನಾಯಿಯ ಕರುಳಿನಲ್ಲಿ ಲಾಡಿಹುಳುಗಳಾಗಿ ಬೆಳೆಯುತ್ತವೆ. ನಾಯಿಯ ಮಲದೊಡನೆ ಹೊರಬಂದ ಮೊಟ್ಟೆಗಳು ಮಕ್ಕಳ ಕೈಗಳ ಮೂಲಕ ಹೊಟ್ಟೆ ಸೇರಿ, ವರ್ಷಗಳ ನಂತರ ಪಿತ್ತಕೋಶದಲ್ಲಿ ದೊಡ್ಡ ಗುಳ್ಳೆಗಳಾಗಿ ಕಾಣಿಸಿಕೊಳ್ಳುತ್ತವೆ. ಅವುಗಳಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಕುರಿ ಕಾಯುವ ನಾಯಿಗಳಿಗೆ ಪಶುವೈದ್ಯರ ಸಲಹೆಯಂತೆ ನಿಯಮಿತವಾಗಿ ಜಂತುನಾಶಕ ಔಷಧಿ ನೀಡಬೇಕು.

ಮನುಷ್ಯರಿಗೆ ಹರಡದ ರೋಗಗಳು

ಎಲ್ಲ ಜಾನುವಾರು ರೋಗಗಳೂ ಮನುಷ್ಯರಿಗೆ ಬರುವುದಿಲ್ಲ. 2022ರಲ್ಲಿ ರಾಜ್ಯದಲ್ಲಿ ವ್ಯಾಪಕವಾಗಿ ಹರಡಿದ ಚರ್ಮಗಂಟು ರೋಗ, ಕುರಿ ಮತ್ತು ಆಡುಗಳಿಗೆ ಬರುವ ಪಿಪಿಆರ್ ರೋಗ, ಚಪ್ಪೆ ಬೇನೆ ಇವುಗಳಿಂದ ಮನುಷ್ಯರಿಗೆ ರೋಗ ಹರಡುವ ಭಯವಿಲ್ಲ. ಕಾಲುಬಾಯಿ ಬೇನೆಯೂ ಮನುಷ್ಯರ ಆರೋಗ್ಯಕ್ಕೆ ಅಪಾಯಕಾರಿ ರೋಗವೆಂದು ಪರಿಗಣಿತವಾಗಿಲ್ಲ. ಚರ್ಮಗಂಟು ರೋಗದ ಭೀತಿಯಿಂದ ಹಾಲನ್ನು ಚೆಲ್ಲುವ ಅಗತ್ಯವಿಲ್ಲ, ಕುದಿಸಿ ಬಳಸಬಹುದು. ಆದರೆ ಈ ರೋಗಗಳು ಜಾನುವಾರುಗಳಿಗೆ ಮಾರಕವಾಗಿರುವುದರಿಂದ ಅವುಗಳ ವಿರುದ್ಧವೂ ಪಶುವೈದ್ಯರು ಸೂಚಿಸಿದ ಸಮಯದಲ್ಲಿ ಲಸಿಕೆ ಹಾಕಿಸಬೇಕು. ವಿನಾಕಾರಣ ಭಯ ಮತ್ತು ಅತಿಯಾದ ಧೈರ್ಯ ಎರಡೂ ನಷ್ಟವನ್ನೇ ತರುತ್ತವೆ.

ಜಾತ್ರೆ ಮತ್ತು ಸಂತೆಗಳಿಗೆ ಹೋಗುವ ಮುನ್ನ

ಜಾತ್ರೆಯ ಬಯಲಿನಲ್ಲಿ ಹಲವು ಊರುಗಳ ಎತ್ತುಗಳು ಒಂದೆಡೆ ನಿಲ್ಲುತ್ತವೆ; ಒಂದೇ ತೊಟ್ಟಿಯ ನೀರು ಕುಡಿಯುತ್ತವೆ. ಆದ್ದರಿಂದ ಚಿಂಚಲಿ ಜಾತ್ರೆಗಾಗಲಿ ವಾರದ ಸಂತೆಗಾಗಲಿ ರಾಸುಗಳನ್ನು ಕರೆದೊಯ್ಯುವವರು ಈ ಕೆಳಗಿನ ಅಂಶಗಳನ್ನು ಪಾಲಿಸಲು ಕೋರಲಾಗಿದೆ.

1. ಕಾಲುಬಾಯಿ ಬೇನೆ ಮುಂತಾದ ರೋಗಗಳ ವಿರುದ್ಧದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಮೂರು ವಾರ ಮುಂಚೆ ಹಾಕಿಸಿರಬೇಕು. ಹಿಂದಿನ ದಿನ ಹಾಕಿಸಿದ ಲಸಿಕೆಯಿಂದ ರಕ್ಷಣೆ ದೊರೆಯುವುದಿಲ್ಲ.
2. ಜ್ವರವಿರುವ, ಜೊಲ್ಲು ಸುರಿಸುವ, ಕುಂಟುವ ಅಥವಾ ಇತ್ತೀಚೆಗೆ ಕಂದು ಹಾಕಿದ ರಾಸುಗಳನ್ನು ಕರೆದೊಯ್ಯಬಾರದು.
3. ನೀರು ಕುಡಿಸಲು ಸ್ವಂತ ಬಕೆಟ್, ಮೇವಿಗೆ ಸ್ವಂತ ಚೀಲ ಒಯ್ಯುವುದು ಉತ್ತಮ.
4. ಹೊಸದಾಗಿ ಖರೀದಿಸಿದ ರಾಸನ್ನು ಮನೆಯ ಇತರ ದನಗಳಿಂದ ಕನಿಷ್ಠ ಮೂರು ವಾರ ಬೇರೆ ಕಟ್ಟಬೇಕು. ಆಕಳು ಅಥವಾ ಎಮ್ಮೆಯಾಗಿದ್ದಲ್ಲಿ ಕಂದು ರೋಗದ ರಕ್ತ ಪರೀಕ್ಷೆ ಮಾಡಿಸಬೇಕು.
5. ರೋಗದ ಹಾವಳಿ ಇರುವಾಗ ಜಿಲ್ಲಾಡಳಿತವು ಜಾನುವಾರು ಸಾಗಾಣಿಕೆ ಹಾಗೂ ಸಂತೆಗಳ ಮೇಲೆ ವಿಧಿಸುವ ನಿರ್ಬಂಧಗಳನ್ನು ಪಾಲಿಸಬೇಕು.

ಸೇವೆಗಳನ್ನು ಪಡೆಯುವ ವಿಧಾನ

• ತುರ್ತು ಚಿಕಿತ್ಸೆ: ಜಾನುವಾರುಗಳ ತುರ್ತು ಚಿಕಿತ್ಸೆಗಾಗಿ 1962 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಸಂಚಾರಿ ಪಶು ಚಿಕಿತ್ಸಾ ವಾಹನವು ರೈತರ ಮನೆ ಬಾಗಿಲಿಗೆ ಬರುತ್ತದೆ. ಕರೆ ಮಾಡುವಾಗ ಊರು, ಪ್ರಾಣಿಯ ವಿಧ, ಕಂಡುಬಂದ ಲಕ್ಷಣಗಳು ಮತ್ತು ಸತ್ತ ಪ್ರಾಣಿಗಳ ಸಂಖ್ಯೆಯನ್ನು ತಿಳಿಸಬೇಕು.

• ಕಿವಿಯೋಲೆ: ಪ್ರತಿ ರಾಸಿಗೂ 12 ಅಂಕಿಗಳ ಗುರುತಿನ ಸಂಖ್ಯೆಯುಳ್ಳ ಕಿವಿಯೋಲೆಯನ್ನು ಅಳವಡಿಸಲಾಗುತ್ತದೆ. ಲಸಿಕೆ, ವಿಮೆ ಹಾಗೂ ಪರಿಹಾರಗಳಿಗೆ ಈ ಸಂಖ್ಯೆ ಆಧಾರವಾಗಿರುತ್ತದೆ. ಅದನ್ನು ಕಿತ್ತುಹಾಕಬಾರದು, ಕಳೆದುಹೋದಲ್ಲಿ ಸಮೀಪದ ಪಶುವೈದ್ಯ ಸಂಸ್ಥೆಗೆ ತಿಳಿಸಬೇಕು.

• ಸಾವಿನ ವರದಿ ಮತ್ತು ಪರಿಹಾರ: ಆಕಸ್ಮಿಕವಾಗಿ ಮರಣ ಹೊಂದಿದ ಜಾನುವಾರುಗಳ ಮಾಲೀಕರಿಗೆ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಡಿ ಪರಿಹಾರ ನೀಡುವ ವ್ಯವಸ್ಥೆ ಇದೆ. ಇದಕ್ಕೆ ಪಶುವೈದ್ಯರ ದೃಢೀಕರಣ ಅವಶ್ಯಕವಾಗಿರುವುದರಿಂದ, ಪ್ರಾಣಿಯನ್ನು ಹೂಳುವ ಮುನ್ನವೇ ಮಾಹಿತಿ ನೀಡಬೇಕು. ಗುಟ್ಟಾಗಿ ಕೊಯ್ದು ಮಾರಿದಲ್ಲಿ ಚರ್ಮದ ಅಲ್ಪ ಬೆಲೆಗಾಗಿ ಪರಿಹಾರವನ್ನೂ ಆರೋಗ್ಯವನ್ನೂ ಕಳೆದುಕೊಂಡಂತಾಗುತ್ತದೆ. ಪರಿಹಾರದ ಮೊತ್ತ ಹಾಗೂ ಲಗತ್ತಿಸಬೇಕಾದ ದಾಖಲೆಗಳ ವಿವರವನ್ನು ಸಮೀಪದ ಪಶು ಆಸ್ಪತ್ರೆಯಲ್ಲಿ ಪಡೆಯಬಹುದು.

• ಕಾನೂನಿನ ಹೊಣೆ: ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆ, 2009ರ ಪ್ರಕಾರ ಅನುಸೂಚಿತ ರೋಗದ ಸಂಶಯ ಬಂದಾಗ ಅದನ್ನು ವರದಿ ಮಾಡುವುದು ಮಾಲೀಕರ ಕರ್ತವ್ಯವಾಗಿರುತ್ತದೆ. ನೆರಡಿ, ರೇಬೀಸ್ ಮತ್ತು ಕಂದು ರೋಗಗಳು ಈ ಅನುಸೂಚಿಯಲ್ಲಿವೆ. ಗ್ರಾಮ ಮಟ್ಟದ ಅಧಿಕಾರಿ ಅಥವಾ ಪಂಚಾಯಿತಿಯ ಮೂಲಕವೂ ವರದಿ ಮಾಡಬಹುದು.

ವೈದ್ಯರಿಗೆ ಹೇಳಬೇಕಾದ ಎರಡು ಮಾತುಗಳು

ಜ್ವರವೆಂದು ಆಸ್ಪತ್ರೆಗೆ ಹೋದಾಗ ರೈತರು ಮತ್ತು ಕುರಿಗಾಹಿಗಳು ವೈದ್ಯರು ಕೇಳುವವರೆಗೆ ಕಾಯದೆ ತಾವಾಗಿಯೇ ಎರಡು ಮಾತುಗಳನ್ನು ಹೇಳಬೇಕು. ಒಂದನೆಯದು, ಮನೆಯಲ್ಲಿ ಯಾವ ಯಾವ ಪ್ರಾಣಿಗಳಿವೆ ಎಂಬುದು. ಎರಡನೆಯದು, ಕಳೆದ ಕೆಲವು ತಿಂಗಳುಗಳಲ್ಲಿ ಅವುಗಳಲ್ಲಿ ಯಾವುದಾದರೂ ಸತ್ತಿದೆಯೇ, ಕಂದು ಹಾಕಿದೆಯೇ, ಜೊಲ್ಲು ಸುರಿಸಿದೆಯೇ ಎಂಬುದು. ಅದೇ ರೀತಿ ಪಶುವೈದ್ಯರು ಕೊಟ್ಟಿಗೆಗೆ ಬಂದಾಗ ಮನೆಯಲ್ಲಿ ಯಾರಿಗಾದರೂ ಜ್ವರ ಅಥವಾ ಕೈಮೇಲೆ ಹುಣ್ಣು ಇದ್ದಲ್ಲಿ ಅದನ್ನು ತಿಳಿಸಬೇಕು. ಇದಕ್ಕೆ ಯಾವ ಅರ್ಜಿಯೂ ಶುಲ್ಕವೂ ಬೇಕಿಲ್ಲ. ಆಶಾ ಕಾರ್ಯಕರ್ತೆಯರ ಗಮನಕ್ಕೆ ತಂದರೂ ಮಾಹಿತಿಯು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ತಲುಪುತ್ತದೆ.

ಒಂದು ಕಾಲದಲ್ಲಿ ದೊಡ್ಡರೋಗವು ಹಳ್ಳಿ ಹಳ್ಳಿಗಳ ದನಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದುದನ್ನು ಹಿರಿಯರು ಬಲ್ಲರು. ಭಾರತದಲ್ಲಿ ಅದು ಕೊನೆಯದಾಗಿ ಕಂಡುಬಂದುದು 1995ರಲ್ಲಿ. 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲನೆಗೊಂಡಿತೆಂದು ಘೋಷಿಸಲಾಯಿತು. ಲಸಿಕೆ ಹಾಕಿದ ಸಿಬ್ಬಂದಿ, ರೋಗವನ್ನು ಮುಚ್ಚಿಡದೆ ವರದಿ ಮಾಡಿದ ರೈತರು ಇಬ್ಬರ ಸಹಕಾರದಿಂದ ಅದು ಸಾಧ್ಯವಾಯಿತು. ಪ್ರಾಣಿಜನ್ಯ ರೋಗಗಳ ನಿಯಂತ್ರಣಕ್ಕೂ ಅದೇ ಸಹಕಾರ ಅಗತ್ಯವಾಗಿದೆ. ಕರುವಿಗೆ ಸಕಾಲದಲ್ಲಿ ಲಸಿಕೆ, ಕುದಿಸಿದ ಹಾಲು, ಕೊಯ್ಯದೆ ಹೂಳಿದ ದೇಹ, ಸಾಬೂನಿನಿಂದ ತೊಳೆದ ಗಾಯ, ಮುಚ್ಚುಮರೆಯಿಲ್ಲದೆ ಹೇಳಿದ ಮಾತು: ಇವು ಐದನ್ನು ಪಾಲಿಸಿದಲ್ಲಿ ಕೊಟ್ಟಿಗೆಯ ರೋಗವು ಪಡಸಾಲೆಗೆ ಬರುವುದನ್ನು ಬಹುಮಟ್ಟಿಗೆ ತಡೆಯಬಹುದು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಪಶು ಆಸ್ಪತ್ರೆ, ಪಶು ಚಿಕಿತ್ಸಾಲಯ, ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರ ಅಥವಾ ತಾಲ್ಲೂಕಿನ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.